ಗಡಿಯಾಚೆ ಕೊಟ್ಟ ಮಗಳ ಕಾಗದಪತ್ರ: ಬೆಳಗಾವಿ–ಕೊಲ್ಲಾಪುರ ಸೀಮೆಗೆ ಒಂದು ಕೈಪಿಡಿ

ನಿಪ್ಪಾಣಿಯ ಹುಡುಗಿಯನ್ನು ಕಾಗಲಕ್ಕೆ ಕೊಡುವುದು, ಜತ್ತದ ಹುಡುಗಿಯನ್ನು ಅಥಣಿಗೆ ತರುವುದು ಈ ಸೀಮೆಯಲ್ಲಿ ಹೊಸದಲ್ಲ. 1956ರ ನವೆಂಬರ್ 1ಕ್ಕೆ ರಾಜ್ಯಗಳ ಗೆರೆ ಬೀಳುವ ಮೊದಲೂ ಇಲ್ಲಿ ಬೀಗತನ ಇತ್ತು, ಬಿದ್ದ ಮೇಲೂ ನಿಲ್ಲಲಿಲ್ಲ. ಆದರೆ ಮದುವೆಯ ಹೆಸರಿನಲ್ಲಿ ಆ ಗೆರೆ ದಾಟುವವಳು ಹೆಣ್ಣು ಮಾತ್ರ. ಗಂಡನ ರೇಷನ್ ಕಾರ್ಡ್, ಉತಾರ (ಜಮೀನಿನ ಪಹಣಿ), ಮತದಾರರ ಪಟ್ಟಿ, ಜಾತಿ ಪ್ರಮಾಣಪತ್ರ ಎಲ್ಲವೂ ಹುಟ್ಟಿದೂರಲ್ಲೇ ಇರುತ್ತವೆ. ಅವಳ ಒಂದೊಂದು ಕಾಗದವನ್ನೂ ಒಂದು ರಾಜ್ಯದಲ್ಲಿ ಕಿತ್ತು ಇನ್ನೊಂದರಲ್ಲಿ ನಾಟಿ ಮಾಡಬೇಕು. ಕಿತ್ತದ್ದು ನಾಟಿಯಾಗದೆ ನಡುವೆ ಉಳಿದರೆ ಎರಡೂ ಸರ್ಕಾರಗಳಿಗೆ ಅವಳು ಲೆಕ್ಕಕ್ಕೇ ಇಲ್ಲ.

ಹೀಗಾಗುವುದು ಕಾನೂನು ಇಲ್ಲದ್ದಕ್ಕಲ್ಲ. ಬಹಳ ಸಲ ಕೆಲಸವನ್ನು ತಪ್ಪು ಕ್ರಮದಲ್ಲಿ ಮಾಡಿರುತ್ತಾರೆ, ಇಲ್ಲವೇ ಮಾಡಿಸಿಕೊಡುವ ಹೊಣೆ ತವರಿನದೋ ಗಂಡನ ಮನೆಯದೋ ಎಂದು ಯಾರೂ ಹೊತ್ತುಕೊಂಡಿರುವುದಿಲ್ಲ. ಗಡಿಯಾಚೆ ಹೋಗುವ ಹೆಣ್ಣುಮಕ್ಕಳಿಗೆ, ಅವರ ತಂದೆತಾಯಿಗೆ, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಿಗೆ, ಸ್ತ್ರೀಶಕ್ತಿ ಸಂಘದವರಿಗೆ ಇದನ್ನು ಬರೆದಿದ್ದೇವೆ.

ಮದುವೆಗೆ ಮೊದಲು ಕಡತ ಕಟ್ಟಿ

ಹುಡುಗಿ ಊರಲ್ಲಿರುವಾಗ ಅರ್ಧ ದಿನದಲ್ಲಿ ಸಿಗುವ ಕಾಗದ, ಮದುವೆಯಾದ ಮೇಲೆ ಎರಡು ರಾಜ್ಯದ ನಡುವೆ ಓಡಾಡಿಸುತ್ತದೆ. ಜನನ ಪ್ರಮಾಣಪತ್ರ, ಶಾಲೆ ಬಿಟ್ಟ ದಾಖಲೆ, ಜಾತಿ ಪ್ರಮಾಣಪತ್ರ, ಆಧಾರ್, ಮತದಾರರ ಗುರುತಿನ ಚೀಟಿ, ಅವಳ ಹೆಸರಿರುವ ತವರಿನ ರೇಷನ್ ಕಾರ್ಡಿನ ನಕಲು, ತಂದೆಯ ಜಮೀನಿನ ಉತಾರದ ನಕಲು: ಇಷ್ಟನ್ನು ಮೊದಲು ಒಟ್ಟು ಮಾಡಿ. ಉತಾರ ಏಕೆ ಎಂದು ಮನೆಯವರು ಕೇಳುತ್ತಾರೆ, ಕಾರಣ ಮುಂದೆ ಬರುತ್ತದೆ. ಮೂಲ ಪ್ರತಿ ಹುಡುಗಿಯ ಕೈಯಲ್ಲಿರಲಿ, ಒಂದು ಪೂರ್ತಿ ನಕಲಿನ ಕಟ್ಟು ತವರಿನಲ್ಲಿರಲಿ. ಜಗಳವಾಗಿ ಮನೆಯಿಂದ ಹೊರಬೀಳುವ ಹೆಂಗಸಿಗೆ ಗಂಡನ ಮನೆಯ ಕಪಾಟು ತೆರೆದು ಕಾಗದ ಹುಡುಕುವ ಹೊತ್ತು ಇರುವುದಿಲ್ಲ.

ಮೊಬೈಲ್ ನಂಬರಿನ ವಿಷಯವನ್ನು ಎಲ್ಲರೂ ಹಗುರ ಮಾಡುತ್ತಾರೆ. ಹುಡುಗಿಯ ಆಧಾರಿಗೆ ಜೋಡಿಸಿದ ನಂಬರು ಸಾಮಾನ್ಯವಾಗಿ ಅಣ್ಣನದೋ ಅಪ್ಪನದೋ ಆಗಿರುತ್ತದೆ. ಅಥಣಿಯ ನಾಡಕಚೇರಿಯಲ್ಲಿ ಅವಳು ಕೂತಿರುವಾಗ ಒಟಿಪಿ ಹೋಗುವುದು ಜತ್ತದಲ್ಲಿ ಹೊಲದಲ್ಲಿರುವ ಅಣ್ಣನ ಫೋನಿಗೆ. ಅವನು ಫೋನ್ ತೆಗೆಯುವಷ್ಟರಲ್ಲಿ ಒಟಿಪಿಯ ಅವಧಿ ಮುಗಿದಿರುತ್ತದೆ. ಮದುವೆಯಾದ ಮೇಲೆ ಗಂಡನ ನಂಬರು ಹಾಕಿಸುವುದು ಇದಕ್ಕೆ ಪರಿಹಾರವಲ್ಲ. ಮುಂದೆ ಅವನ ವಿರುದ್ಧವೇ ಅರ್ಜಿ ಕೊಡುವ ಪ್ರಸಂಗ ಬಂದರೆ ಅವಳ ಬ್ಯಾಂಕು, ಆಧಾರ್ ಎರಡೂ ಅವನ ಕೈಯಲ್ಲಿರುತ್ತವೆ. ಹುಡುಗಿಯ ಹೆಸರಿನಲ್ಲೇ ಒಂದು ಸಿಮ್ ತೆಗೆಸಿ, ಅವಳನ್ನೇ ಆಧಾರ್ ಕೇಂದ್ರಕ್ಕೆ ಕರೆದೊಯ್ದು ಬೆರಳಚ್ಚು ಕೊಡಿಸಿ ಆ ನಂಬರನ್ನು ಜೋಡಿಸಿ. ಅವಳೊಬ್ಬಳ ಹೆಸರಿನ ಉಳಿತಾಯ ಖಾತೆಯೂ ಮದುವೆಗೆ ಮೊದಲೇ ಇರಲಿ.

ಹೆಸರು ಬದಲಿಸಬೇಡಿ

ಮಹಾರಾಷ್ಟ್ರದ ಕಡೆ ಹೆಸರಿಗೆ ಮೂರು ಭಾಗ: ತನ್ನ ಹೆಸರು, ತಂದೆಯ ಅಥವಾ ಗಂಡನ ಹೆಸರು, ಅಡ್ಡಹೆಸರು. ಮದುವೆಯಾದಾಗ ನಡುವಿನದೂ ಕೊನೆಯದೂ ಬದಲಾಗುತ್ತವೆ. ಕೆಲವು ಮನೆಗಳಲ್ಲಿ ಅಕ್ಕಿಯ ಮೇಲೆ ಹೊಸ ಹೆಸರು ಬರೆಸಿ ಮೊದಲ ಹೆಸರನ್ನೂ ಬದಲಿಸುತ್ತಾರೆ. ಶಾಲೆ ಬಿಟ್ಟ ದಾಖಲೆಯಲ್ಲಿ ಕಸ್ತೂರಿ ಮಲ್ಲಪ್ಪ ಪಾಟೀಲ ಎಂದಿದ್ದವಳು ರೇಷನ್ ಕಾರ್ಡಿನಲ್ಲಿ ಸುನೀತಾ ರಾಜೇಂದ್ರ ದೇಸಾಯಿ ಆದರೆ, ಇಬ್ಬರೂ ಒಬ್ಬಳೇ ಎಂದು ಸಾಬೀತು ಮಾಡುವುದರಲ್ಲೇ ಅವಳ ಆಯುಷ್ಯ ಕಳೆಯುತ್ತದೆ. ತಂದೆಯ ಆಸ್ತಿಗೆ ವಾರಸಾ ಹಚ್ಚುವಾಗ ಸುನೀತಾ ಎಂಬ ಮಗಳೇ ನಮಗಿಲ್ಲ ಎಂದು ಹೇಳಲು ಅಣ್ಣತಮ್ಮಂದಿರಿಗೆ ದಾರಿಯೂ ಸಿಗುತ್ತದೆ.

ಮದುವೆಯಾದವಳು ಹೆಸರು ಬದಲಿಸಲೇಬೇಕು ಎಂಬ ಕಾನೂನು ಯಾವ ರಾಜ್ಯದಲ್ಲೂ ಇಲ್ಲ. ಮನೆಯಲ್ಲಿ ಏನೆಂದಾದರೂ ಕರೆಯಲಿ, ಕಾಗದದಲ್ಲಿ ಶಾಲೆಯ ದಾಖಲೆಯ ಹೆಸರೇ ಇರಲಿ. ಆಧಾರಿನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಸಲ, ಹುಟ್ಟಿದ ತಾರೀಕಿಗೆ ಒಂದೇ ಸಲ ಅವಕಾಶ. ಮದುವೆಗೆಂದು ಒಂದನ್ನು ಖರ್ಚು ಮಾಡಿದರೆ, ಆಪರೇಟರ್ ಮಾಡಿದ ಕಾಗುಣಿತದ ತಪ್ಪು ತಿದ್ದಿಸಲು ಒಂದೇ ಉಳಿಯುತ್ತದೆ.

ಮದುವೆ ನೋಂದಣಿ

ಮುಂದಿನ ಎಲ್ಲ ಕೆಲಸಕ್ಕೂ ಇದೇ ಬುಡ. ಕರ್ನಾಟಕದಲ್ಲಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ, ಮಹಾರಾಷ್ಟ್ರದ ಹಳ್ಳಿಗಳಲ್ಲಿ ಗ್ರಾಮಪಂಚಾಯಿತಿಯ ಗ್ರಾಮಸೇವಕರ ಬಳಿ ಮಾಡಿಸಬೇಕು. ಲಗ್ನಪತ್ರಿಕೆ, ಮದುವೆಯ ಫೋಟೊ, ಇಬ್ಬರ ವಯಸ್ಸು ಮತ್ತು ವಿಳಾಸದ ದಾಖಲೆ, ಮೂವರು ಸಾಕ್ಷಿಗಳು ಬೇಕು. ಯಾವ ರಾಜ್ಯದಲ್ಲಿ ಮಾಡಿಸಿದರೂ ಎರಡೂ ಕಡೆ ನಡೆಯುತ್ತದೆ. ಪ್ರಮಾಣಪತ್ರದಲ್ಲಿ ಇಬ್ಬರ ಹೆಸರೂ ಆಧಾರಿನಲ್ಲಿರುವಂತೆಯೇ ಅಕ್ಷರಕ್ಕಕ್ಷರ ಇರಬೇಕು. ಸಹಿ ಹಾಕುವ ಮೊದಲು ಇಂಗ್ಲಿಷ್ ಕಾಗುಣಿತವನ್ನೂ ನೋಡಿ. ದೃಢೀಕೃತ ಪ್ರತಿ ಮೂರಾದರೂ ತೆಗೆದುಕೊಳ್ಳಿ, ಒಂದು ತವರಿನ ಕಟ್ಟಿಗೆ.

ಆಧಾರ್ ವಿಳಾಸ, ಆಮೇಲೆ ರೇಷನ್ ಕಾರ್ಡ್

ಕ್ರಮ ತಪ್ಪುವುದು ಇಲ್ಲೇ. ಮದುವೆಯಾದ ಮರುವಾರವೇ ತವರಿನ ಕಾರ್ಡಿನಿಂದ ಹೆಸರು ತೆಗೆಸಿಬಿಡುತ್ತಾರೆ. ಗಂಡನ ಮನೆಯ ಕಾರ್ಡಿಗೆ ಅದು ಸೇರುವುದು ಬೇಗ ಆಗುವುದಿಲ್ಲ, ಏಕೆಂದರೆ ಕರ್ನಾಟಕದ ಆಹಾರ ಇಲಾಖೆ ಸೇರ್ಪಡೆಗೆ ಆಗಾಗ ಮಾತ್ರ ಅವಕಾಶ ತೆರೆಯುತ್ತದೆ. ಅಷ್ಟು ದಿನ ಅವಳು ಎಲ್ಲೂ ಇರುವುದಿಲ್ಲ.

ಮೊದಲು ಆಧಾರ್ ವಿಳಾಸ ಬದಲಿಸಿ. ಅವಳ ಹೆಸರಿನಲ್ಲಿ ಕರೆಂಟ್ ಬಿಲ್ಲಾಗಲಿ ಬಾಡಿಗೆ ಪತ್ರವಾಗಲಿ ಇರುವುದಿಲ್ಲವಾದ್ದರಿಂದ ಕುಟುಂಬದ ಮುಖ್ಯಸ್ಥರ ಆಧಾರದ ಮೇಲೆ ವಿಳಾಸ ಬದಲಿಸುವ ವ್ಯವಸ್ಥೆಯನ್ನು ಬಳಸಿ. ಆನ್‌ಲೈನಿನಲ್ಲಿ ಅರ್ಜಿ ಹಾಕಿ ಮದುವೆ ಪ್ರಮಾಣಪತ್ರವನ್ನು ಸಂಬಂಧದ ದಾಖಲೆಯಾಗಿ ಸೇರಿಸಿದರೆ, ಗಂಡ ತನ್ನ ಫೋನಿನಿಂದ 30 ದಿನದೊಳಗೆ ಒಪ್ಪಿಗೆ ಕೊಡಬೇಕು. ಆ ಅವಧಿ ಮೀರಿದರೆ ಅರ್ಜಿ ಬಿದ್ದುಹೋಗುತ್ತದೆ.

ಸೇರ್ಪಡೆಗೆ ಅವಕಾಶ ತೆರೆದಿದೆ ಎಂದು ಖಚಿತವಾದ ಮೇಲೆ ಮಹಾರಾಷ್ಟ್ರದ ತವರಾದರೆ ಅಲ್ಲಿನ ತಹಶೀಲ್ದಾರ್ ಕಚೇರಿಯ ಪುರವಠಾ (ಆಹಾರ ಪೂರೈಕೆ) ವಿಭಾಗದಲ್ಲಿ ಹೆಸರು ತೆಗೆಸಿ, "ನಾವ ಕಮೀ ಕೇಲ್ಯಾಚಾ ದಾಖಲಾ" ಎಂದು ಅವರು ಕರೆಯುವ, ಹೆಸರು ತೆಗೆದದ್ದಕ್ಕೆ ಕೊಡುವ ಪತ್ರವನ್ನು ಕೇಳಿ ಪಡೆಯಿರಿ. ಹಾಳೆಯ ಮೇಲೆ ಹೆಸರಿಗೆ ಗೀಟು ಎಳೆದರೆ ಸಾಲದು, ಕಂಪ್ಯೂಟರಿನಲ್ಲೂ ಹೋಗಿರಬೇಕು. ಇಲ್ಲದಿದ್ದರೆ ಈಚೆ ಅವಳ ಆಧಾರ್ ನಂಬರು ಹಾಕಿದ ಕೂಡಲೇ ಈಗಾಗಲೇ ಬೇರೆ ಕಾರ್ಡಿನಲ್ಲಿದೆ ಎಂದು ತೋರಿಸಿ ಅರ್ಜಿ ತಿರಸ್ಕಾರವಾಗುತ್ತದೆ. ಆ ತನಕ ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆಯಲ್ಲಿ ತವರಿನ ಕಾರ್ಡಿನ ಮೇಲೆಯೇ ಗಂಡನ ಊರಿನ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ತನ್ನ ಪಾಲಿನ ಧಾನ್ಯ ಎತ್ತಬಹುದು. ಸಿಗುವುದು ಕೇಂದ್ರದ ಪಾಲು ಮಾತ್ರ, ಆದ್ಯತಾ ಕಾರ್ಡಾದರೆ ತಲೆಗೆ 5 ಕಿಲೊ. ಅದು ತವರಿನವರ ಒಟ್ಟು ಕೋಟಾದಲ್ಲೇ ಕಡಿತವಾಗುವುದರಿಂದ ಮೊದಲು ಅವರಿಗೆ ತಿಳಿಸಿ.

ಹಣದ ಯೋಜನೆಗಳೆಲ್ಲ ಈ ಎರಡು ಕಾಗದದ ಮೇಲೆ ನಿಂತಿವೆ. ಗೃಹಲಕ್ಷ್ಮಿಯ ತಿಂಗಳ 2000 ರೂಪಾಯಿ ಹೋಗುವುದು ರೇಷನ್ ಕಾರ್ಡಿನಲ್ಲಿ ಯಜಮಾನಿ ಎಂದಿರುವವರಿಗೆ. ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಮನೆಯ ಹಿರಿಯ ಹೆಣ್ಣೇ ಯಜಮಾನಿ, ಅಂದರೆ ಬಹುತೇಕ ಅತ್ತೆ. ಕಾರ್ಡ್ ಬೇರೆಯಾಗುವ ತನಕ ಸೊಸೆಗೆ ಅದು ಬಾರದು. ಆದರೂ ಕಾರ್ಡಿನಲ್ಲಿ ಅವಳ ಹೆಸರಿರಲೇಬೇಕು, ಆಸ್ಪತ್ರೆಯ ಸೌಲಭ್ಯಕ್ಕೂ ಅದನ್ನೇ ಕೇಳುತ್ತಾರೆ. ಕರ್ನಾಟಕದಿಂದ ಆಚೆ ಹೋದವರಿಗೆ ಮಹಾರಾಷ್ಟ್ರದ ಲಾಡಕೀ ಬಹೀಣ ಯೋಜನೆ ಇದೆ: 2024ರ ಜುಲೈಯಿಂದ ತಿಂಗಳಿಗೆ 1500 ರೂಪಾಯಿ, 21ರಿಂದ 65 ವಯಸ್ಸಿನವರಿಗೆ, ಕುಟುಂಬದ ವರಮಾನ ವರ್ಷಕ್ಕೆ 2.5 ಲಕ್ಷದೊಳಗಿದ್ದರೆ. ಹೊರರಾಜ್ಯದಲ್ಲಿ ಹುಟ್ಟಿದವಳು ಎಂದು ಅಂಗನವಾಡಿಯಲ್ಲೋ ಸೇತು ಎಂಬ ಸರ್ಕಾರಿ ಸೇವಾ ಕೇಂದ್ರದಲ್ಲೋ ವಾಪಸ್ ಕಳಿಸಿದ ಉದಾಹರಣೆಗಳಿವೆ. ಮಹಾರಾಷ್ಟ್ರದ ಅಧಿವಾಸಿಯನ್ನು (ಖಾಯಂ ನಿವಾಸಿಯನ್ನು) ಮದುವೆಯಾದವಳು ಗಂಡನ ಜನನ ಪ್ರಮಾಣಪತ್ರ, ಶಾಲೆ ಬಿಟ್ಟ ದಾಖಲೆ ಅಥವಾ ಅಧಿವಾಸ ಪ್ರಮಾಣಪತ್ರ ಕೊಟ್ಟರೆ ಸಾಕು ಎಂದು ಸರ್ಕಾರದ ಆದೇಶದಲ್ಲೇ ಇದೆ. ಹೊಸ ಅರ್ಜಿ ತೆರೆದಿರುವಾಗ ಆ ಮಾತನ್ನೇ ಹೇಳಿ ಕೊಡಿ. ಎರಡೂ ರಾಜ್ಯದ ಹಣ ಒಟ್ಟಿಗೆ ಪಡೆಯಲು ಹೋಗಬೇಡಿ, ಆಧಾರಿನಲ್ಲಿ ಸಿಕ್ಕಿಬೀಳುತ್ತದೆ.

ಹಣ ಮಂಜೂರಾಗಿ ಖಾತೆಗೆ ಬರದಿದ್ದರೆ, ಆಧಾರಿಗೆ ಕೊನೆಯದಾಗಿ ಜೋಡಿಸಿದ ಬ್ಯಾಂಕ್ ಯಾವುದೆಂದು ನೋಡಿ. ದುಡ್ಡು ಅಲ್ಲಿಗೇ ಹೋಗುತ್ತದೆ. ತವರಿನ ಹಳೆಯ ಖಾತೆಗೆ ತಿಂಗಳುಗಟ್ಟಲೆ ಬಿದ್ದು ಅವಳಿಗೇ ಗೊತ್ತಿಲ್ಲದಿರುವುದು ಬಹಳ ಕಡೆ ಕಂಡದ್ದು.

ಮತದಾರರ ಪಟ್ಟಿಗೆ ಈಗ ನಮೂನೆ 8 ಒಂದೇ ಸಾಕು, ರಾಜ್ಯ ಬದಲಾದರೂ ಅದೇ. ನಮೂನೆ 6 ತುಂಬಿದರೆ ಹೊಸ ಮತದಾರಳೆಂದು ಎರಡನೇ ನಂಬರು ಹುಟ್ಟಿ, ಮುಂದೆ ಎರಡೂ ಕಡೆ ಪ್ರಶ್ನೆ ಏಳುತ್ತದೆ.

ಜಾತಿ ಪ್ರಮಾಣಪತ್ರ

ಜಾತಿ ಹುಟ್ಟಿನಿಂದ ಬರುವುದೇ ಹೊರತು ಗಂಡನಿಂದಲ್ಲ. ಹಾಗಾಗಿ ಪ್ರಮಾಣಪತ್ರ ಸಿಗುವುದು ತಂದೆಯ ಊರಿನ ಕಂದಾಯ ಅಧಿಕಾರಿಗಳಿಂದ. ಪರಿಶಿಷ್ಟರ ಪಟ್ಟಿ ರಾಜ್ಯಕ್ಕೊಂದು. ಅದೇ ಜಾತಿ ಎರಡೂ ರಾಜ್ಯದ ಪಟ್ಟಿಯಲ್ಲಿದ್ದರೂ, ಮದುವೆಯಾಗಿ ಬಂದವಳಿಗೆ ಹೊಸ ರಾಜ್ಯದ ಮೀಸಲಾತಿ ಸಿಗದು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು. ಪಂಜಾಬಿನಿಂದ ಉತ್ತರಾಖಂಡಕ್ಕೆ ಬಂದವಳ ಪ್ರಕರಣ ಅದು. ಇದು ಹೆಣ್ಣಿನ ಮೇಲೇ ಬೀಳುವ ಹೊರೆ, ಮದುವೆಯ ಕಾರಣಕ್ಕೆ ಅವಳ ಅಣ್ಣನಿಗೆ ಇದು ತಟ್ಟುವುದಿಲ್ಲ. ಓದಿದ ಪರಿಶಿಷ್ಟ ಹುಡುಗಿಯನ್ನು ಗಡಿಯಾಚೆ ಕೊಡುವ ಮೊದಲು ತಂದೆತಾಯಿಗೆ ಇದು ತಿಳಿದಿರಬೇಕು. ತವರಿನ ರಾಜ್ಯದ ನೇಮಕಾತಿಗೆ ಅರ್ಜಿ ಹಾಕಿದ್ದರೆ ಅದನ್ನು ಬಿಡಬೇಡಿ. ಮಹಾರಾಷ್ಟ್ರದಲ್ಲಿ ಪ್ರಮಾಣಪತ್ರಕ್ಕೆ ಪರಿಶಿಷ್ಟ ಜಾತಿಯವರು 10 ಆಗಸ್ಟ್ 1950ಕ್ಕೆ, ಪಂಗಡದವರು 6 ಸೆಪ್ಟೆಂಬರ್ 1950ಕ್ಕೆ, ಇತರ ಹಿಂದುಳಿದವರು 13 ಅಕ್ಟೋಬರ್ 1967ಕ್ಕೆ ಮೊದಲು ಕುಟುಂಬ ಅಲ್ಲಿತ್ತೆಂದು ತೋರಿಸಬೇಕು. ಅಜ್ಜನ ಶಾಲಾ ದಾಖಲೆ ಬೇಕಾಗುವುದು ಅದಕ್ಕೇ. ತವರಿನಲ್ಲಿರುವಾಗಲೇ ತೆಗೆಸಿಟ್ಟುಕೊಳ್ಳಿ.

ತವರಿನ ಹೆರಿಗೆ

ಚೊಚ್ಚಲ ಹೆರಿಗೆಗೆ ತವರಿಗೆ ಬರುವಾಗ ಗಂಡನ ಊರಿನ ತಾಯಿ ಕಾರ್ಡ್ ಜೊತೆಗೇ ಬರಲಿ. ಏಳನೇ ತಿಂಗಳ ತನಕದ ರಕ್ತಪರೀಕ್ಷೆ, ಬಿಪಿ, ಚುಚ್ಚುಮದ್ದು ಅದರಲ್ಲೇ ಇರುತ್ತದೆ, ಅದಿಲ್ಲದಿದ್ದರೆ ಈಚೆಯ ಡಾಕ್ಟರಿಗೆ ಏನೂ ಗೊತ್ತಾಗುವುದಿಲ್ಲ. ಊರಿಗೆ ಬಂದ ವಾರದೊಳಗೆ ಇಲ್ಲಿನ ಆಶಾಗೆ ತೋರಿಸಿ. ಮಗುವಿನ ಜನನ ನೋಂದಣಿ ಹುಟ್ಟಿದ ಜಾಗದಲ್ಲೇ ಆಗಬೇಕು, ತಂದೆಯ ಊರಿನಲ್ಲಲ್ಲ. ಗಡುವು 21 ದಿನ. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ. 1 ಅಕ್ಟೋಬರ್ 2023ರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆಯಿಂದ ಹಿಡಿದು ಎಲ್ಲಕ್ಕೂ ಈ ಪ್ರಮಾಣಪತ್ರವೇ ಆಧಾರವಾದ್ದರಿಂದ ತಾಯಿಯ ಹೆಸರು ಆಧಾರಿನಂತೆಯೇ ಇದೆಯೇ ಎಂದು ನೋಡಿಯೇ ಆಸ್ಪತ್ರೆ ಬಿಡಿ.

ತವರಿನ ಆಸ್ತಿ

ಹೆಣ್ಣುಮಕ್ಕಳು ಅತಿ ಹೆಚ್ಚು ಕಳೆದುಕೊಳ್ಳುವುದು ಇಲ್ಲಿ. ಗಡಿ ಅದನ್ನು ಇನ್ನಷ್ಟು ಸುಲಭ ಮಾಡಿಕೊಡುತ್ತದೆ, ಯಾಕೆಂದರೆ ತವರಿನ ಚಾವಡಿಯಲ್ಲಿ ಅಂಟಿಸಿದ ನೋಟಿಸು ಅವಳ ಕಣ್ಣಿಗೆ ಬೀಳುವುದಿಲ್ಲ.

ಹಿಂದೂ ಉತ್ತರಾಧಿಕಾರ ತಿದ್ದುಪಡಿ 9 ಸೆಪ್ಟೆಂಬರ್ 2005ರಿಂದ ಜಾರಿಯಲ್ಲಿದೆ. ಹಿರಿಯರಿಂದ ಬಂದ ಆಸ್ತಿಯಲ್ಲಿ ಮಗಳು ಹುಟ್ಟಿನಿಂದಲೇ ಮಗನಷ್ಟೇ ಪಾಲುದಾರಳು, ಮದುವೆಯಾಗಿದ್ದರೂ, ಬೇರೆ ರಾಜ್ಯದಲ್ಲಿದ್ದರೂ. ಆ ದಿನ ತಂದೆ ಬದುಕಿರಬೇಕೆಂದೇನೂ ಇಲ್ಲ ಎಂದು ಸುಪ್ರೀಂ ಕೋರ್ಟ್ 11 ಆಗಸ್ಟ್ 2020ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಇತ್ಯರ್ಥ ಮಾಡಿತು. 20 ಡಿಸೆಂಬರ್ 2004ಕ್ಕೆ ಮೊದಲು ನೋಂದಾಯಿತ ಪತ್ರದಿಂದಲೋ ಕೋರ್ಟ್ ಡಿಕ್ರಿಯಿಂದಲೋ ಪಾಲಾಗಿದ್ದರೆ ಅದನ್ನು ಕದಲಿಸಲಾಗದು. ಆಗಲೇ ಬಾಯಿಮಾತಿನಲ್ಲಿ ಪಾಲಾಗಿತ್ತು ಎಂಬ ವಾದವನ್ನು ಕೋರ್ಟು ಸುಲಭಕ್ಕೆ ಒಪ್ಪುವುದಿಲ್ಲ.

ತಂದೆಯ ಸ್ವಯಾರ್ಜಿತ ಜಮೀನು ಆರು ಎಕರೆ, ಮೃತ್ಯುಪತ್ರ ಬರೆಯದೆ ತೀರಿಕೊಂಡಿದ್ದಾರೆ, ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು ಇದ್ದಾರೆ ಎನ್ನಿ. ನಾಲ್ಕು ಸಮಪಾಲು, ಅವಳದು ಒಂದು ಎಕರೆ ಇಪ್ಪತ್ತು ಗುಂಟೆ. ಕರ್ನಾಟಕದ ಪಹಣಿಯಲ್ಲಿ ಅದು ಹಾಗೇ ಎಕರೆ–ಗುಂಟೆಯಲ್ಲಿರುತ್ತದೆ. ಮಹಾರಾಷ್ಟ್ರದ ಪಹಣಿಯಾದ ಸಾತಬಾರಾದಲ್ಲಿ ಅಳತೆ ಹೆಕ್ಟೇರ್–ಆರ್–ಚದರ ಮೀಟರಿನಲ್ಲಿ, ಅಷ್ಟೇ ಜಮೀನು 0.60.70 ಎಂದು ಕಾಣುತ್ತದೆ. ಆ ಸೊನ್ನೆ ನೋಡಿ ತನಗೇನೂ ಬಂದಿಲ್ಲ ಎಂದುಕೊಳ್ಳಬೇಡಿ.

ತಂದೆ ತೀರಿಕೊಂಡರೆ ಮಹಾರಾಷ್ಟ್ರದಲ್ಲಿ ತಲಾಠಿಗೆ (ಗ್ರಾಮ ಲೆಕ್ಕಾಧಿಕಾರಿಗೆ) ವಾರಸ ನೋಂದಣಿಯ ಅರ್ಜಿ ಕೊಡಬೇಕು, ಇ-ಹಕ್ಕ ಮೂಲಕ ಆನ್‌ಲೈನಿನಲ್ಲೂ ಆಗುತ್ತದೆ. ಗಾವ ನಮೂನಾ 6-ಕ ಎಂಬ ವಾರಸ ನೋಂದವಹಿಯಲ್ಲಿ ಹೆಸರು ಬಂದು, ಆಮೇಲೆ ಫೇರಫಾರ (ಖಾತೆ ಬದಲಾವಣೆ) ಆಗಿ ಸಾತಬಾರಾಕ್ಕೆ ಏರುತ್ತದೆ. ಕರ್ನಾಟಕದಲ್ಲಿ ಪೌತಿ ಖಾತೆ: ಮರಣ ಪ್ರಮಾಣಪತ್ರ, ವಂಶವೃಕ್ಷ, ಎಲ್ಲ ವಾರಸುದಾರರ ಆಧಾರ್ ಬೇಕು. ಹೆಸರು ಬಿಟ್ಟುಹೋಗುವುದು ಮೊದಲ ಮೆಟ್ಟಿಲಲ್ಲೇ. ವಂಶವೃಕ್ಷ ಬರೆಸುವಾಗ ಗಂಡುಮಕ್ಕಳನ್ನಷ್ಟೇ ಬರೆಸಿ, ಲಗ್ನವಾದವರು ಬೇಡ ಎಂದುಬಿಡುತ್ತಾರೆ. ಆದ್ದರಿಂದ ತಂದೆಯ ಮರಣದ ನಂತರ ಅವರಾಗಿಯೇ ಮಾಡಲಿ ಎಂದು ಕಾಯಬೇಡಿ. ನೀವೇ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ, ಬರಲಾಗದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಮದುವೆಯ ಕಡತದಲ್ಲಿಟ್ಟ ಉತಾರದ ನಕಲು ಈಗ ಬೇಕು. ಸರ್ವೆ ನಂಬರು, ಆಚೆಯಾದರೆ ಗಟ್ ನಂಬರು ಗೊತ್ತಿದ್ದರೆ ಕರ್ನಾಟಕದ ಭೂಮಿ ಅಥವಾ ಮಹಾರಾಷ್ಟ್ರದ ಮಹಾಭೂಲೇಖ ವೆಬ್‌ಸೈಟಿನಲ್ಲಿ ಮನೆಯಿಂದಲೇ ನೋಡಬಹುದು. ಆರು ತಿಂಗಳಿಗೊಮ್ಮೆ ನೋಡಿ.

ಹೆಸರು ಬಿಟ್ಟು ಖಾತೆ ಬದಲಾಗಿದ್ದರೆ ಉಪವಿಭಾಗಾಧಿಕಾರಿಗೆ, ಆಚೆ ಪ್ರಾಂತಾಧಿಕಾರಿಗೆ, ಮೇಲ್ಮನವಿ. ಎರಡೂ ಕಡೆ 60 ದಿನ. ಗಡುವು ಮೀರಿತೆಂದು ಕೈಚೆಲ್ಲಬೇಡಿ. ಖಾತೆ ಎಂಬುದು ಕಂದಾಯದ ದಾಖಲೆ, ಅದರಿಂದ ಹಕ್ಕು ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ. ಪಾಲಿನ ದಾವೆಯ ದಾರಿ ತೆರೆದೇ ಇರುತ್ತದೆ.

ನಿಜವಾದ ಅಪಾಯ ನೋಂದಾಯಿತ ಹಕ್ಕುಬಿಡುಗಡೆ ಪತ್ರ, ಮರಾಠಿಯಲ್ಲಿ ಹಕ್ಕಸೋಡ. ಪಂಚಮಿಗೋ ರಾಖಿಗೋ ಕರೆದು, ಉಡಿ ತುಂಬಿ, ಸೀರೆ ಕೊಟ್ಟು, ಬ್ಯಾಂಕಿನ ಬೆಳೆಸಾಲಕ್ಕೆ ಒಂದು ಸಹಿ ಬೇಕು ಎಂದು ಉಪನೋಂದಣಿ ಕಚೇರಿಗೆ ಕರೆದೊಯ್ಯುತ್ತಾರೆ. ಕನ್ನಡ ಶಾಲೆಯಲ್ಲಿ ಓದಿದವಳಿಗೆ ಮರಾಠಿ ದಸ್ತಾವೇಜು, ಮರಾಠಿ ಶಾಲೆಯಲ್ಲಿ ಓದಿದವಳಿಗೆ ಕನ್ನಡ ದಸ್ತಾವೇಜು ಓದಲು ಬರುವುದಿಲ್ಲ. ಫೋಟೊ ತೆಗೆದು ಹೆಬ್ಬೆರಳು ಒತ್ತಿಸುತ್ತಿದ್ದಾರೆ ಎಂದರೆ ಅದು ನೋಂದಣಿ, ಸಾಲದ ಸಹಿಯಲ್ಲ. ಅಲ್ಲೇ ನಿಲ್ಲಿಸಿ. ನಿಮಗೆ ಬರುವ ಭಾಷೆಯಲ್ಲಿ ಓದಿ ಹೇಳಿ ಎಂದು ನೋಂದಣಾಧಿಕಾರಿಯನ್ನೇ ಕೇಳಿ. ಮೋಸದಿಂದ ಆಗಿಹೋಗಿದ್ದರೆ ತಿಳಿದಂದಿನಿಂದ ಮೂರು ವರ್ಷದೊಳಗೆ ಸಿವಿಲ್ ಕೋರ್ಟಿನಲ್ಲಿ ರದ್ದು ಕೇಳಬೇಕು. ಬರೀ ಬಾಂಡ್ ಪೇಪರಿನ ಮೇಲೆ ನೋಟರಿ ಮಾಡಿಸಿದ ಬಿಡುಗಡೆಗೆ, ತಲಾಠಿಯ ಮುಂದೆ ಕೊಟ್ಟ ತಕರಾರಿಲ್ಲ ಎಂಬ ಜಬಾಬಿಗೆ ಅಷ್ಟು ಬಲವಿಲ್ಲ. ಅವುಗಳಿಗೆ ಹೆದರಿ ಹಿಂದೆ ಸರಿಯಬೇಡಿ.

ಕುಟುಂಬದ ಜಮೀನು ಗಡಿಯ ಎರಡೂ ಕಡೆ ಇದ್ದರೆ ಎರಡು ದಾವೆ ಬೇಕಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 17ರಂತೆ ಯಾವುದಾದರೂ ಒಂದು ತುಂಡು ಇರುವ ಕೋರ್ಟಿನಲ್ಲಿ ಎಲ್ಲದಕ್ಕೂ ಸೇರಿಸಿ ಹಾಕಬಹುದು. ದಾವೆಯ ಜೊತೆಗೇ ಮಾರಾಟಕ್ಕೆ ತಡೆಯಾಜ್ಞೆ ಕೇಳಿ. ಮಹಾರಾಷ್ಟ್ರದ ಜಮೀನಾದರೆ ಇನ್ನೊಂದು ಕೆಲಸವಿದೆ: ದಾವೆ ನಡೆಯುತ್ತಿದೆ ಎಂಬ ಲಿಸ್ ಪೆಂಡೆನ್ಸ್ ನೋಟಿಸನ್ನು ಅಲ್ಲಿನ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಬೇಕು. ಅದಿಲ್ಲದಿದ್ದರೆ ನಡುವೆ ಕೊಂಡವನು ನನಗೆ ಗೊತ್ತಿರಲಿಲ್ಲ ಎಂದು ಪಾರಾಗಲು ನೋಡುತ್ತಾನೆ. ವಕೀಲರ ಖರ್ಚಿಗೆ ಹೆದರಬೇಕಿಲ್ಲ. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಹೆಣ್ಣುಮಕ್ಕಳಿಗೆ ವರಮಾನದ ಮಿತಿಯೇ ಇಲ್ಲದೆ ಉಚಿತ ವಕೀಲರು ಸಿಗುತ್ತಾರೆ. ತಾಲೂಕು ಕೋರ್ಟಿನಲ್ಲಿರುವ ಸಮಿತಿಗೆ ಅರ್ಜಿ ಕೊಡಿ ಅಥವಾ 15100ಕ್ಕೆ ಫೋನ್ ಮಾಡಿ.

ಆಚೆ ಹೋಗಿ ಮಾಡುವ ಬಾಲ್ಯವಿವಾಹ

ಕರ್ನಾಟಕದಲ್ಲಿ 18 ತುಂಬದ ಹುಡುಗಿಯ ಮದುವೆ 2016ರ ತಿದ್ದುಪಡಿಯಂತೆ ಮೊದಲಿಂದಲೇ ಅಸಿಂಧು. ಮಹಾರಾಷ್ಟ್ರದಲ್ಲಿ ಹುಡುಗಿಯೇ 20 ತುಂಬುವುದರೊಳಗೆ ಕೋರ್ಟಿಗೆ ಹೋಗಿ ರದ್ದು ಕೇಳಬೇಕು. ಕೆಲವರು ಮದುವೆಯನ್ನು ಆಚೆ ಮಾಡುವುದಕ್ಕೆ ಈ ವ್ಯತ್ಯಾಸವೂ ಕಾರಣ. ಇದಕ್ಕೆ ತಡೆ ಇದೆ. ಸುದ್ದಿ ತಿಳಿದ ಕೂಡಲೇ ಮಕ್ಕಳ ಸಹಾಯವಾಣಿ 1098ಕ್ಕೆ ಹೇಳಿ, ಇತ್ತ ಸಿಡಿಪಿಒಗೆ (ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ), ಅತ್ತ ಗ್ರಾಮಸೇವಕರಿಗೆ ತಿಳಿಸಿ, ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟಿನಿಂದ ಬಾಲ್ಯವಿವಾಹ ನಿಷೇಧ ಕಾಯ್ದೆಯ ಕಲಂ 13ರ ತಡೆಯಾಜ್ಞೆ ತನ್ನಿ. ಯಾರು ಬೇಕಾದರೂ ಕೇಳಬಹುದು. ಆ ಆಜ್ಞೆ ಮೀರಿ ಮಾಡಿದ ಮದುವೆ ಯಾವ ರಾಜ್ಯದಲ್ಲಿ ನಡೆದರೂ ಅಸಿಂಧು.

ಹೊಡೆತ, ಹೊರಹಾಕುವುದು, ಜೀವನಾಂಶ

ಘಟನೆ ಆಚೆ ನಡೆದಿದೆ, ಅಲ್ಲಿಯ ಠಾಣೆಗೆ ಹೋಗು ಎಂಬ ಮಾತು ಗಡಿಯ ಠಾಣೆಗಳಲ್ಲಿ ಮಾಮೂಲು. 1 ಜುಲೈ 2024ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರಂತೆ ಘಟನೆ ಎಲ್ಲಿ ನಡೆದರೂ ಯಾವ ಠಾಣೆಯಾದರೂ ದೂರು ಬರೆದುಕೊಳ್ಳಬೇಕು, ಝೀರೊ ಎಫ್‌ಐಆರ್ ಎನ್ನುವುದು ಅದನ್ನೇ. ಬರೆದುಕೊಳ್ಳದಿದ್ದರೆ ಅದೇ ದೂರನ್ನು ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ, ಆಮೇಲೆ ಮ್ಯಾಜಿಸ್ಟ್ರೇಟರ ಬಳಿ ಹೋಗಲು ಅದು ಬೇಕು. ಗಂಡನ ಮನೆಯ ಕ್ರೌರ್ಯದ ಕೇಸನ್ನು ಅವಳು ಆಶ್ರಯ ಪಡೆದ ತವರಿನ ಊರಲ್ಲೇ ನಡೆಸಬಹುದು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ.

ಮನೆಯಲ್ಲಿರುವ ಹಕ್ಕು, ರಕ್ಷಣೆ, ಖರ್ಚಿನ ಹಣ ಬೇಕಾದರೆ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಅರ್ಜಿ ಇನ್ನೂ ಹತ್ತಿರದ ದಾರಿ. ತಾತ್ಕಾಲಿಕವಾಗಿ ತಂಗಿರುವ ಊರಿನ ಕೋರ್ಟಿನಲ್ಲೂ ಹಾಕಬಹುದು, ಆದೇಶ ಇಡೀ ದೇಶದಲ್ಲಿ ನಡೆಯುತ್ತದೆ. ಕರ್ನಾಟಕದಲ್ಲಿ ಸಿಡಿಪಿಒ ಅವರೇ ಸಂರಕ್ಷಣಾಧಿಕಾರಿ. ಘಟನಾ ವರದಿ ಬರೆಸಿಕೊಳ್ಳಿ. ಗಾಯವಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಎಂಎಲ್‌ಸಿ (ಪೊಲೀಸ್ ಪ್ರಕರಣಕ್ಕೆ ಬೇಕಾಗುವ ವೈದ್ಯಕೀಯ ದಾಖಲೆ) ಮಾಡಿಸಿ, ಬಿದ್ದು ಪೆಟ್ಟಾಯಿತು ಎಂದು ಬರೆಸಬೇಡಿ. ರಾತ್ರಿ ಹೋಗಲು ಜಾಗವಿಲ್ಲದಿದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಅಥವಾ ತುರ್ತು ನಂಬರು 112ಕ್ಕೆ ಫೋನ್ ಮಾಡಿ. ನೊಂದ ಹೆಣ್ಣುಮಕ್ಕಳಿಗೆಂದಿರುವ ಜಿಲ್ಲೆಯ ಸಖಿ ಕೇಂದ್ರದಲ್ಲಿ ಐದು ದಿನದವರೆಗೆ ಉಳಿಯಬಹುದು.

ಜೀವನಾಂಶದ ಅರ್ಜಿಯನ್ನೂ ಹೆಂಡತಿ ತಾನಿರುವ ಜಿಲ್ಲೆಯಲ್ಲೇ ಹಾಕಬಹುದು. ಆದೇಶವಾದ ಮೇಲೆ ಗಂಡ ಗಡಿಯಾಚೆ ಕುಳಿತು ಒಂದು ಪೈಸೆ ಕಳಿಸದಿದ್ದರೆ, ಅದೇ ಆದೇಶದ ಪ್ರತಿ ಹಿಡಿದು ಅವನಿರುವ ಊರಿನ ಮ್ಯಾಜಿಸ್ಟ್ರೇಟರ ಬಳಿ ಜಾರಿಗೆ ಅರ್ಜಿ ಹಾಕಿ, ನಾಗರಿಕ ಸುರಕ್ಷಾ ಸಂಹಿತೆಯ ಕಲಂ 147 ಅದಕ್ಕೆಂದೇ ಇದೆ. ಬಾಕಿ ವಸೂಲಿಗೆ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಆದ್ದರಿಂದ ಯಾವ ತಿಂಗಳದು ಬಂತು, ಯಾವುದು ಬರಲಿಲ್ಲ ಎಂದು ಪಾಸ್‌ಬುಕ್ಕಿನ ಜೊತೆ ಒಂದು ನೋಟುಪುಸ್ತಕದಲ್ಲಿ ಬರೆದಿಡಿ, ಮತ್ತು ಹಣವನ್ನು ಕೈಯಲ್ಲಿ ತೆಗೆದುಕೊಳ್ಳದೆ ಖಾತೆಗೇ ಹಾಕಿಸಿಕೊಳ್ಳಿ.